ಆಪರೇಟರ್ ಭಾವ ಮತ್ತು ನಲವತ್ತು ಸೆಕೆಂಡಿನ ಕತ್ತಲೆ

ನನ್ನ ಮಗಳ ಎರಡು ನಿಮಿಷದ ಸಿನಿಮಾಕ್ಕೆ, ಶಬ್ದದ ಕಾಲಂನಲ್ಲಿ, ಒಬ್ಬ ದಪ್ಪ ಕನ್ನಡಕದ ಪರೀಕ್ಷಕ ಹತ್ತಕ್ಕೆ ಎರಡು ಅಂತ ಬರೆದ. ಆಮೇಲೆ ಅದನ್ನು ತಾನೇ ಹೊಡೆದುಹಾಕಿದ, ಅದು ಬೇರೆ ಮಾತು. ಆದರೆ ಕೇಳಿಸಿಕೊಳ್ಳದೆ ಬರೆದನಲ್ಲ, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನನಗೂ ಮೇಷ್ಟ್ರು ಬೇಕಾದಷ್ಟು ಸೊನ್ನೆ ಸುತ್ತಿದ್ದಾರೆ, ಎಲ್ಲವೂ ನ್ಯಾಯವಾದ ಸೊನ್ನೆಗಳೇ. ಈ ಎರಡು ಮಾತ್ರ ಅನ್ಯಾಯ.

ಹೋಗಲಿ, ಅವನ ಪುರಾಣ ಯಾರಿಗೆ ಬೇಕು. ನಾನು ಬರೆಯಬೇಕಾದದ್ದು ನನ್ನ ಹೆಂಡತಿಯ ಅಣ್ಣನ ಬಗ್ಗೆ. ಎಲ್ಲರ ಬಾಯಲ್ಲೂ ಅವರು ಆಪರೇಟರ್. ನನಗೆ ಭಾವ.

ಭಾವ ಇಪ್ಪತ್ತಾರು ವರ್ಷ ಒಂದು ಟಾಕೀಸಿನಲ್ಲಿ ಸಿನಿಮಾ ಓಡಿಸಿದವರು. ಅಷ್ಟೂ ವರ್ಷ ಸಿನಿಮಾ ನೋಡಿದ್ದು ಅಂಗೈಯಗಲದ ಕಿಂಡಿಯಿಂದ. ರೀಲು ಹರಿದರೆ ಬ್ಲೇಡಿನಿಂದ ಕತ್ತರಿಸಿ, ಟೇಪು ಅಂಟಿಸಿ, ಜನ ಎರಡನೇ ಶಿಳ್ಳೆ ಹೊಡೆಯುವಷ್ಟರಲ್ಲಿ ಮತ್ತೆ ಓಡಿಸುತ್ತಿದ್ದರು. ಮೆಷಿನ್ನಿನ ಗದ್ದಲದಲ್ಲಿ ಮಾತು ಕೇಳಿಸದೆ ಕೈಸನ್ನೆಯೇ ಅಭ್ಯಾಸವಾಗಿ, ಮನೆಯಲ್ಲೂ ಅರ್ಧ ಮಾತು ಕೈಯಲ್ಲೇ. "ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯವಳು ಇವನನ್ನ ಮೂಗ ಅಂದ್ಕೊಂಡು, ನನಗೆ ಸಮಾಧಾನ ಹೇಳಿ ಹೋದ್ಲು" ಅಂತ ನಮ್ಮ ಅತ್ತೆ ಹೇಳಿ ಹೇಳಿ ನಗುತ್ತಿದ್ದರು. ಒಂದು ಹಟ ಮಾತ್ರ ಇತ್ತು. ಕೊನೆಯ ಮನುಷ್ಯ ಕೂರುವವರೆಗೆ ಸಿನಿಮಾ ಶುರು ಮಾಡುತ್ತಿರಲಿಲ್ಲ. ಮಾಲೀಕ ಕೆಳಗಿಂದ ಗಂಟಲು ಹರಿದುಕೊಂಡರೂ ಕಿಂಡಿಯಿಂದ ಒಂದು ಕೈ ಹೊರಗೆ ಬಂದು 'ತಡಿ' ಅನ್ನುತ್ತಿತ್ತು, ಅಷ್ಟೆ.

ಟಾಕೀಸು ಸೋಫಾ ಅಂಗಡಿಯಾಯಿತು. ಭಾವ ಸಿನಿಮಾ ಕಲಿಸುವ ಕಾಲೇಜೊಂದರಲ್ಲಿ ಪ್ರೊಜೆಕ್ಟರ್ ಕೋಣೆಗೆ ಸೇರಿದರು. ಹಂಗಾಮಿ ಕೆಲಸ, ವರ್ಷ ವರ್ಷ ಕಾಗದ ಹೊಸದಾಗಬೇಕು. ಹಾಗೆ ಹನ್ನೊಂದು ವರ್ಷ. ನನ್ನ ಮಗಳಿಗೆ ಆ ಕಾಲೇಜಿನ ಹುಚ್ಚು ಹತ್ತಿಸಿದ್ದೂ ಅವರೇ. ಅಲ್ಲಿ ಸೋದರಮಾವ, ಸೊಸೆ ಅಂತ ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಎರಡನೇ ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ಸಿನಿಮಾದ ಆರಂಭವನ್ನಷ್ಟೇ ಮಾಡಿ ಒಪ್ಪಿಸಬೇಕು. ಎರಡು ನಿಮಿಷ. ಅದನ್ನು ಅಳೆಯಲು ಒಂದು ಹಾಳೆ. ಕ್ಯಾಮೆರಾ ಅಲುಗಾಡದೆ ಹಿಡಿದಿದ್ದಾರಾ, ಚೌಕಟ್ಟು ಹೇಗಿದೆ, ಶಬ್ದ, ಜೋಡಣೆ, ಹೆಸರು ಓದುವಂತಿದೆಯಾ. ತಲಾ ಹತ್ತು, ಒಟ್ಟು ಐವತ್ತು. ಮೂವತ್ತು ಮುಟ್ಟಿದವರಿಗೆ ಮುಂದಿನ ವರ್ಷ ಇಡೀ ಸಿನಿಮಾ ಮಾಡಲು ಕಾಲೇಜಿನ ಕ್ಯಾಮೆರಾ ಸಿಗುತ್ತದೆ. ಮುಟ್ಟದವರು ಬೇರೆಯವರ ಸಿನಿಮಾಕ್ಕೆ ದೀಪ ಹಿಡಿದು ನಿಲ್ಲಬೇಕು. ಮಗಳು ಆ ಕ್ಯಾಮೆರಾಕ್ಕಾಗಿ ಊಟ ನಿದ್ದೆ ಬಿಟ್ಟಿದ್ದಳು.

"ಏನೇ ಮಾಡಿದೀಯ, ನನಗೂ ತೋರಿಸು" ಅಂದೆ.

"ನೀನು ನೋಡಿದ್ರೆ ಬೈತೀಯಪ್ಪ" ಅಂದುಬಿಟ್ಟಳು.

ನಾನು ಮೋಟರ್ ಸುತ್ತುವವನು. ಸುಟ್ಟುಹೋದ ಫ್ಯಾನು, ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕಸುಬು. ಪರೀಕ್ಷೆಯ ಬೆಳಿಗ್ಗೆಯೇ ಪ್ರೊಜೆಕ್ಟರ್ ಕೋಣೆಯ ಫ್ಯಾನು ಕಟಕಟ ಅನ್ನತೊಡಗಿ, ಭಾವ ಫೋನು ಮಾಡಿದರು.

"ಬಂದು ಸರಿ ಮಾಡು. ಆದ್ರೆ ನೀನು ಅವಳಪ್ಪ ಅಂತ ಗೊತ್ತಾಗಬಾರದು. ಮನೆಯವರು ಒಳಗೆ ಬಂದ್ರೆ ಹಾಳೆ ರದ್ದು ಅಂತ ರೂಲ್ಸಿದೆ. ಬಾಯಿ ಹೊಲ್ಕೊಂಡು ಬಾ."

"ನಾನ್ಯಾವತ್ತು ಭಾವ ಬಾಯಿ ಮಾಡಿದೀನಿ?"

ಫೋನಿನಲ್ಲೂ ಅವರು ಕೈ ಆಡಿಸಿದ್ದು ನನಗೆ ಕಂಡಿತು.

ಹಾಲ್‌ನ ಮೇಲಿದ್ದ ಆ ಕೋಣೆಯಲ್ಲಿ ನಾನು ಫ್ಯಾನು ಬಿಚ್ಚಿಕೊಂಡು ಕೂತಿದ್ದಾಗ ಮಗಳ ಸರದಿ ಬಂತು. ಕೆಳಗೆ ದೀಪ ಆರಿತು. ಪರದೆ ಪೂರಾ ಕಪ್ಪು. ಆ ಕಪ್ಪಿನಲ್ಲಿ ಕರ್ ಕರ್ ಅಂತ ತಂತಿ ಸುತ್ತುವ ಹ್ಯಾಂಡಲ್ ತಿರುಗುವ ಸದ್ದು. ಜೊತೆಗೊಂದು ಗಂಡು ದನಿ, "ಎಂಬತ್ತೊಂದು, ಎಂಬತ್ತೆರಡು..." ಅದು ನನ್ನ ದನಿ! ಫೋನು ಬಡಿದುಕೊಂಡಿತು, ಸುತ್ತಿನ ಲೆಕ್ಕ ತಪ್ಪಿತು, "ಥೂ, ಈ ಫೋನಿಗೆ ಬೆಂಕಿ ಹಾಕ!" ಅಂದವನೂ ನಾನೇ. ಯಾವಾಗ ಕದ್ದು ಹಿಡಿದಿದ್ದಳೋ.

ಮೇಲೆ ಫ್ಯಾನು ರಿಪೇರಿ ನಡೆದಿದೆ ಅಂತ ಗೊತ್ತಿದ್ದ ದಪ್ಪ ಕನ್ನಡಕದವನು ಚಹಾದ ಲೋಟ ಹಿಡಿದೇ ಮೇಲಕ್ಕೆ ತಿರುಗಿ ಕೂಗಿದ, "ಏಯ್ ಫ್ಯಾನ್ ರಿಪೇರಿಯವನೇ, ಸುಮ್ಮನಿರಯ್ಯಾ! ಆಪರೇಟರೇ, ಪರದೆ ಮೇಲೆ ಏನೂ ಬರ್ತಿಲ್ಲ. ಯಾರಾದ್ರೂ ಲೈಟ್ ಹಾಕ್ರೀ."

ಬಾಗಿಲ ಬಳಿಯಿದ್ದ ಯಾರೋ ಲೈಟು ಹಾಕಿಬಿಟ್ಟರು. ನಾನು ಮೇಲೆ ತುಟಿ ಬಿಚ್ಚಿರಲಿಲ್ಲ, ಸಿನಿಮಾದ ದನಿಯನ್ನೇ ನನ್ನ ಗಲಾಟೆ ಅಂದುಕೊಂಡಿದ್ದ! ಅವನು ಪಕ್ಕದ ಪರೀಕ್ಷಕಿಯ ಜೊತೆ ರಸ್ತೆ ಅಗೆದಿರುವ ವಿಷಯ ಮಾತಾಡುತ್ತ ಕೂತ. ಕಪ್ಪು ಸರಿದು ನನ್ನ ಅಂಗಡಿ ಕಂಡಾಗ, "ಹ್ಞಾಂ, ಈಗ ಸರಿಹೋಯ್ತು" ಅಂದ.

ಅಂಕಗಳನ್ನು ಅಲ್ಲೇ ಓದಿ ಹೇಳುವ ಪದ್ಧತಿ. ಮಗಳು ಎದ್ದು ನಿಂತಳು.

"ಕ್ಯಾಮೆರಾ ಏಳು, ಚೌಕಟ್ಟು ಏಳು, ಜೋಡಣೆ ಆರು, ಹೆಸರು ಆರು. ಶಬ್ದ ಎರಡು. ಮೊದಲ ನಲವತ್ತು ಸೆಕೆಂಡು ಬರೀ ಖಾಲಿ. ಒಟ್ಟು ಇಪ್ಪತ್ತೆಂಟು."

"ಖಾಲಿ ಅಲ್ಲ ಸಾರ್. ಆ ದನಿ ಸಿನಿಮಾದ್ದೇ. ಇನ್ನೊಂದು ಸಲ ಹಾಕಿಸಿ..."

"ಒಬ್ಬರಿಗೆ ಒಂದೇ ಸಲ ಕಣಮ್ಮ. ಬರೆದಾಯ್ತು, ಕೂತ್ಕೋ."

"ಕೂರಲ್ಲ ಸಾರ್. ಮೊದ್ಲು ಕೇಳಿ, ಆಮೇಲೆ ಬೇಕಾದ್ರೆ ಸೊನ್ನೆ ಹಾಕಿ."

ನನ್ನ ಎಡಗೈ ಪಕ್ಕದಲ್ಲೇ ಮೇನ್ ಬೋರ್ಡು. ಪ್ರೊಜೆಕ್ಟರು, ಸ್ಪೀಕರು ಬ್ಯಾಟರಿ ಮೇಲಿವೆ ಅಂತ ಬಂದಾಗಲೇ ನೋಡಿಕೊಂಡಿದ್ದೆ. ಎಳೆದೆ. ಹಾಲ್, ವರಾಂಡ ಎಲ್ಲ ಗವ್ವೆನ್ನುವ ಕತ್ತಲೆ. ಪ್ರೊಜೆಕ್ಟರಿನ ಸಣ್ಣ ಬೆಳಕಿನಲ್ಲಿ ಭಾವ ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ತಿರುಗಿ ಸಿನಿಮಾವನ್ನು ಮೊದಲಿಂದ ಶುರು ಮಾಡಿದರು. ದನಿಯನ್ನೂ ಎರಡು ಪಟ್ಟು ಏರಿಸಿದರು.

"ಏನ್ರೀ ಇದು? ಲೈಟ್, ಲೈಟ್!"

ಭಾವ ಕಿಂಡಿಗೆ ಬಾಯಿಟ್ಟರು. ಆ ಮನುಷ್ಯ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಲವತ್ತು ಸೆಕೆಂಡು ಸಾರ್! ಬರೀ ನಲವತ್ತು ಸೆಕೆಂಡು ಕಿವಿ ಕೊಡಿ! ಇಲ್ಲಿ ಮೇಲೆ ಯಾರೂ ಸದ್ದು ಮಾಡ್ತಿಲ್ಲ!"

ಹಾಲ್ ಸುಮ್ಮನಾಯಿತು. ನನ್ನ ಬೈಗುಳ ಬಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು. ಪರೀಕ್ಷಕಿ ಹೇಳಿದ್ದು ಕಿಂಡಿಯವರೆಗೂ ಕೇಳಿಸಿತು: "ಮುಖ ಕಾಣೋ ಮೊದಲೇ ಆ ಮನುಷ್ಯ ಎಂಥವನು ಅಂತ ಗೊತ್ತಾಗೋಯ್ತಲ್ರೀ!" ಗೊತ್ತಾಗಲಿ ಬಿಡಿ, ನನಗೇನು ನಾಚಿಕೆ.

ಕನ್ನಡಕದವನು ಎರಡನ್ನು ಹೊಡೆದು ಏಳು ಬರೆದ. "ತಾಂತ್ರಿಕ ದೋಷ ಸರಿಪಡಿಸಲಾಗಿದೆ" ಅಂತ ಓದಿದ. ದೋಷ ಯಾರ ಕಿವಿಯಲ್ಲಿತ್ತು ಅನ್ನುವುದನ್ನು ಓದಲಿಲ್ಲ. ಒಟ್ಟು ಮೂವತ್ತಮೂರು.

ಅಷ್ಟರಲ್ಲಿ ಪ್ರಿನ್ಸಿಪಾಲರು ಮೆಟ್ಟಿಲು ಹತ್ತಿ ಬಂದರು. "ಯಾರು ಮೇನ್ ಎಳೆದದ್ದು?"

ನಾನು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು, ಹೆಬ್ಬೆರಳು ಅಪ್ಪಚ್ಚಿಯಾಗುವಂತೆ.

"ನಾನೇ ಸಾರ್. ಇವನು ಫ್ಯಾನಿನವನು, ಇವನಿಗೇನು ಗೊತ್ತಾಗತ್ತೆ ಪಾಪ."

"ಹನ್ನೊಂದು ವರ್ಷದಲ್ಲಿ ನೀವು ಹೀಗೆ ಮಾಡಿದವರಲ್ಲ. ತಪ್ಪಾಯ್ತು ಅಂತ ಬರೆದುಕೊಡಿ, ಮುಗಿಸೋಣ."

"ಮೇನ್ ಎಳೆದೆ ಅಂತ ಬರೆದುಕೊಡ್ತೀನಿ ಸಾರ್. ತಪ್ಪಾಯ್ತು ಅಂತ ಬರೆಯಲ್ಲ."

ಹಾಗೇ ಬರೆದುಕೊಟ್ಟರು. ತಿಂಗಳ ಕೊನೆಗೆ ಅವರ ಕಾಗದ ಹೊಸದಾಗಲಿಲ್ಲ.

ನಾನು ಮನೆಯಲ್ಲಿ ಹಾರಾಡಿದೆ. "ನಾಳೆಯೇ ಹೋಗಿ ಎಳೆದವನು ನಾನು ಅಂತೀನಿ!"

"ಅನ್ನು. ಅವಳ ಹಾಳೆ ಹರಿದು ನಿನ್ನ ಕೈಗೇ ಕೊಡ್ತಾರೆ" ಅಂದರು ಭಾವ. ಕೂತೆ. ನನ್ನ ಜನ್ಮದಲ್ಲಿ ನಾನು ನುಂಗಿಕೊಂಡ ಮಾತು ಅದೊಂದೇ.

ಮಗಳಿಗೆ ಕ್ಯಾಮೆರಾ ಸಿಕ್ಕಿತು, ಸಿನಿಮಾ ಮಾಡಿದಳು, ಓದು ಮುಗಿಸಿದಳು. ಭಾವ ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಅವಳ ಕೈಗೆ ಸರ್ಟಿಫಿಕೇಟು ಬಂದ ಮರುದಿನವೇ ನಾನು ಆ ಲಿಫ್ಟಿಗೆ ನುಗ್ಗಿದೆ.

"ಇನ್ನು ಯಾರ ಭಯ ಭಾವ? ಕಾಲೇಜಿಗೆ ಹೋಗಿ ನಿಜ ಬರೆದುಕೊಟ್ಟು ಬರ್ತೀನಿ. ನಿಮ್ಮ ಕೆಲಸ ನಿಮಗೆ ಕೊಡಲಿ."

"ಆ ಕೋಣೆಗೆ ಬೀಗ ಬಿದ್ದಿದೆ ಪುಣ್ಯಾತ್ಮ. ಈಗ ಕೆಳಗೇ ಗುಂಡಿ ಒತ್ತಿದ್ರೆ ಸಿನಿಮಾ ಓಡುತ್ತೆ. ಯಾವ ಕೆಲಸ ಕೊಡಿಸ್ತೀಯ?"

"ಹಾಗಾದ್ರೆ ಇದನ್ನ ನಾನು ಹೇಗೆ ತೀರಿಸಲಿ, ಹೇಳಿ!"

ಒಳಗಿದ್ದ ನಾಲ್ಕು ಜನ, ಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಅಜ್ಜಿ, ಎಲ್ಲರೂ ನನ್ನ ಕಡೆ ತಿರುಗಿದರು. ಭಾವ ಬಾಗಿಲು ತೆರೆದರು.

"ನಾಲ್ಕನೇ ಮಹಡಿ. ಇಳಿ, ಜನ ಕಾಯ್ತಿದಾರೆ."

ಇಳಿದೆ. ಅವರು ಮೇಲಕ್ಕೆ ಹೋದರು. ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಒಂದು ಕೈ ಮೇಲೆದ್ದು 'ತಡಿ' ಅನ್ನುತ್ತದೆ.