ಕಚಗುಳಿಯ ದೈತ್ಯೆ ಮತ್ತು ನನ್ನ ಬಲಗೈ

ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಬಲಗೈ ನನ್ನದಲ್ಲವೇನೋ ಅನ್ನಿಸಿತು. ಕೈವಾರದಲ್ಲಿ ಗೆಳತಿಯ ಮೊಮ್ಮಗುವಿನ ನಾಮಕರಣ ಮುಗಿಸಿ ಶಿಡ್ಲಘಟ್ಟಕ್ಕೆ ಮರಳುವಾಗ, ತಿರುವಿನಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಸ್ಕೂಟರ್ ಜಾರಿ ಮಣಿಕಟ್ಟು ಮುರಿದಿತ್ತು. ಆರು ವಾರ ಬಂಧನದಲ್ಲಿದ್ದ ಬೆರಳುಗಳು ಈಗ ಮಡಚಲು ಒಪ್ಪುತ್ತಿರಲಿಲ್ಲ. ಸೀರೆಯ ನೆರಿಗೆ ಹಿಡಿಯಲಾರೆ, ಮುದ್ದೆ ಮುರಿಯಲಾರೆ. ಎಲ್ಲಕ್ಕಿಂತ ಹೆಚ್ಚಾಗಿ ಸೀಮೆಸುಣ್ಣ ಹಿಡಿಯಲಾರೆ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳಿಗೆ ಅದೊಂದು ಭಯವಾಗಿ ಕೂತುಬಿಟ್ಟಿತ್ತು.

ಚಿಕ್ಕಬಳ್ಳಾಪುರದ ಫಿಸಿಯೋಥೆರಪಿಯವರು ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಸುಕಿ ಅಂದಿದ್ದರು. ಹತ್ತಾಗುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ನಾಲ್ಕನೇ ದಿನ ಅದನ್ನು ದಿಂಬಿನ ಹಿಂದೆ ತಳ್ಳಿದೆ. ಯಜಮಾನರು ಬೆಳಿಗ್ಗೆಯೇ ಗೌರಿಬಿದನೂರಿನ ಕಚೇರಿಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಹಿಸುಕಿದೆನೋ ಇಲ್ಲವೋ ನೋಡುವವರಿರಲಿಲ್ಲ.

ಮುದ್ದೇನಹಳ್ಳಿಯ ಕಡೆ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುವ ಮಗಳು ಭಾನುವಾರ ಬಂದವಳು ದಿಂಬು ಎತ್ತಿ ನೋಡಿದಳು.

"ಅಮ್ಮ, ಇದನ್ನ ಮುಟ್ಟೇ ಇಲ್ಲ ಅಲ್ವಾ?"

"ನೋಯ್ತದೆ ಕಣೇ."

ಅವಳು ತನ್ನ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ, ಎರಡು ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ನನ್ನ ಮಡಿಲಲ್ಲಿಟ್ಟಳು. "ಹಂಗಾದ್ರೆ ಇದನ್ನ ಹಿಡ್ಕೊ. ಫೋನಲ್ಲಿ ನೋವು ಅಂದಾಗ್ಲೇ ಫಿಸಿಯೋ ಮೇಡಂನ ಕೇಳಿದ್ದೆ. ಬೆರಳು ಓಡಾಡಿದ್ರೆ ಸಾಕು, ಯಾವುದ್ರಲ್ಲಾದ್ರೂ ಸರಿ ಅಂದ್ರು."

ಆಡುವ ವಯಸ್ಸೇ ನನ್ನದು ಎಂದು ಗೊಣಗಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಎಡಗೈಯ ಹೆಬ್ಬೆರಳಿನ ಕೆಳಗಿನ ಪುಟ್ಟ ಕಡ್ಡಿ ತಳ್ಳಿದರೆ ನಡಿಗೆ, ಬಲಗೈಯ ತೋರುಬೆರಳಿನ ಗುಂಡಿ ಒತ್ತಿದರೆ ಹಿಡಿತ. ಅಷ್ಟನ್ನು ಸಂಜೆಯವರೆಗೆ ಕಲಿಸಿ ಹಾಸ್ಟೆಲಿಗೆ ಹೊರಟುಹೋದಳು.

ಆ ಆಟದೊಳಗೆ ಒಂದು ದೊಡ್ಡ ಸೀಮೆ. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ಕಾಡು, ಕೆರೆ, ಪಾಳುಕೋಟೆ. ಅಲ್ಲಿ ಬೆಟ್ಟದಷ್ಟು ಎತ್ತರದ ದೈತ್ಯರು ಅಲೆಯುತ್ತಿರುತ್ತಾರೆ. ಯಾರೂ ಒಂದು ಕಡೆ ನಿಲ್ಲುವವರಲ್ಲ. ಹುಡುಕಿಕೊಂಡು ಹೋಗಿ ಮಾತಾಡಿಸಿದರೆ ಒಬ್ಬೊಬ್ಬರೂ ಒಂದೊಂದು ವಿಚಿತ್ರ ಪಂಥ ಒಡ್ಡುತ್ತಾರೆ. ಕತ್ತಿ ಹಿಡಿದು ಹೊಡೆದಾಡುವ ಕೆಲಸವೇ ಇಲ್ಲ. ನನಗೆ ಮೊದಲು ಸಿಕ್ಕವನ ತಲೆಯ ಮೇಲೆ ಒಂದು ತೋಪೇ ಬೆಳೆದಿತ್ತು. ಅವನ ನೆರಳಿನಿಂದ ಆಚೆ ಕಾಲಿಡದೆ ಸೂರ್ಯ ಮುಳುಗುವ ತನಕ ಜೊತೆಗೆ ನಡೆಯಬೇಕು, ಅಷ್ಟೇ ಅವನ ಷರತ್ತು. ಅದಕ್ಕೆ ಎಡಗೈ ಒಂದೇ ಸಾಕಾಗಿತ್ತು. ಮೂರು ದಿನ ಅವನ ಹಿಂದೆ ನಡೆದು ಗೆದ್ದೆ. ಮನೆಯಲ್ಲಿ ಒಬ್ಬಳೇ ಕೂತು ನಕ್ಕೆ. ಬಿದ್ದ ಮೇಲೆ ಅದೇ ಮೊದಲ ಸಲ ನಕ್ಕಿದ್ದು.

ಎರಡನೆಯವಳು ಕಚಗುಳಿಯ ದೈತ್ಯೆ. ಅವಳ ಕಿವಿಯಲ್ಲಿ ಮುಳ್ಳೊಂದು ಸಿಕ್ಕಿಕೊಂಡಿದೆ. ಮೈಮೇಲೆ ಹತ್ತಿ ಹೋಗಿ ತೆಗೆಯಬೇಕು. ಆದರೆ ಮುಟ್ಟಿದಲ್ಲೆಲ್ಲ ಅವಳಿಗೆ ಕಚಗುಳಿ. ಮೊಣಕಾಲು ದಾಟುವಷ್ಟರಲ್ಲಿ ನಗಲು ಶುರುಮಾಡುತ್ತಾಳೆ, ಮೈ ಕುಲುಕುತ್ತದೆ, ನಾವು ಕೆಳಗೆ. ಬಲಗೈಯಲ್ಲಿ ಗುಂಡಿ ಬಿಗಿಯಾಗಿ ಒತ್ತಿ ಹಿಡಿದರೆ ಮಾತ್ರ ಜೋತುಬೀಳಬಹುದು. ನನಗೆ ಅದೇ ಆಗದ ಕೆಲಸ. ಪ್ರತಿ ಸಲ ಬೀಳುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸ್ಕೂಟರಿನ ಮುಂದಿನ ಚಕ್ರ ಜಾರಿದ ಆ ಗಳಿಗೆಯೇ ಮತ್ತೆ. ಒಂದು ಮಧ್ಯಾಹ್ನ ಹಾಗೆ ಬಿದ್ದು ಕಂಟ್ರೋಲರನ್ನು ಸೋಫಾದ ಮೇಲೆ ಎಸೆದು ಅಳುತ್ತಾ ಕೂತಿದ್ದಾಗ ಆಪಾ ಬಂದರು.

ಆಪಾ ನಮ್ಮ ಪಕ್ಕದ ಮನೆಯವರು, ಅರವತ್ತು ದಾಟಿದವರು. ಹದಿನಾಲ್ಕನೇ ವಯಸ್ಸಿನಿಂದ ಮೊನ್ನೆಮೊನ್ನೆಯವರೆಗೆ ಇದೇ ಊರಿನಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿದವರು. ನನ್ನ ಕೈ ಮುರಿದಂದಿನಿಂದ ಮಧ್ಯಾಹ್ನದ ಊಟ ಅವರ ಮನೆಯದೇ. ಎಡಗೈಯಲ್ಲಿ ಚಮಚ ಹಿಡಿದು ತಿನ್ನಲು ಅನುಕೂಲವಾಗಲಿ ಎಂದು ರೊಟ್ಟಿಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ನೆನೆಸಿ ತರುತ್ತಿದ್ದರು. ಬೇಡ ಅಂದರೆ, ನಿಮಗೋಸ್ಕರ ಅಲ್ಲ, ಒಬ್ಬಳೇ ತಿನ್ನೋಕೆ ಬೇಜಾರು ಅನ್ನುತ್ತಿದ್ದರು.

ಅಂದು ಡಬ್ಬಿ ಇಟ್ಟು, ನಾನು ಅಳುತ್ತಿದ್ದುದನ್ನು ಕಾಣದವರಂತೆ ಟಿವಿ ಕಡೆ ನೋಡಿದರು.

"ಇವಳು ಯಾರು, ಇಷ್ಟೆತ್ತರ?"

ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಕೂತರು. "ಇನ್ನೊಂದು ಸಲ ಹತ್ತಿ. ನೋಡ್ತೀನಿ."

ಹತ್ತಿದೆ, ಬಿದ್ದೆ. ಮತ್ತೆ ಹತ್ತಿದೆ, ಬಿದ್ದೆ. ಆಪಾ ಪರದೆಯಿಂದ ಕಣ್ಣು ಕೀಳಲಿಲ್ಲ.

"ಟೀಚರಮ್ಮ, ಅವಳು ಉಸಿರು ಒಳಗೆ ಎಳ್ಕೊಳ್ತಾಳಲ್ಲ, ಆಗ ನಗಲ್ಲ. ನೋಡಿದ್ರಾ? ನೀವು ಅವಳ ಹಿಂದೆ ಓಡ್ತಾ ಇದೀರಿ. ಗೂಡೂ ಹಂಗೇ, ಬಿಸಿನೀರಲ್ಲಿ ಕುಣೀತಾ ಇರ್ತದೆ. ಅದರ ಹಿಂದೆ ಬೆರಳು ಓಡಿಸಿದ್ರೆ ಎಳೆ ಸಿಗಲ್ಲ. ಅದು ತಿರುಗಿ ಬರೋ ಗಂಟ ಕಾಯ್ಬೇಕು."

ನಿಜವಾಗಿತ್ತು. ದೈತ್ಯೆಯ ಎದೆ ಉಬ್ಬುವ ಎರಡು ಕ್ಷಣ ಮೈ ಅಲುಗಾಡುತ್ತಿರಲಿಲ್ಲ. ಆಗ ಮೇಲೇರಬೇಕು, ಉಸಿರು ಬಿಡುವಾಗ ಗಟ್ಟಿಯಾಗಿ ಹಿಡಿದು ನಿಲ್ಲಬೇಕು. ಗಣಿತದ ಟೀಚರಾದ ನಾನು ಆ ಲೆಕ್ಕವನ್ನು ಹಿಡಿದಿರಲಿಲ್ಲ. ಆದರೆ ಗೊತ್ತಾದರೂ ಬೆರಳು ಕೇಳಬೇಕಲ್ಲ. ಸೊಂಟದವರೆಗೆ ಹೋಗಿ ಬಿದ್ದೆ.

"ನನ್ನ ಕೈಯಲ್ಲಿ ಆಗಲ್ಲ ಆಪಾ."

"ನಿಮ್ಮ ಕೈಯಲ್ಲಿ ಆಗ್ದಿದ್ರೆ ನನ್ನ ಕೈ ಇದೆಯಲ್ಲ," ಎಂದು ಅವರು ನನ್ನ ಬಲಕ್ಕೆ ಸರಿದು ಕೂತು, ತಮ್ಮ ಬೆರಳನ್ನು ನನ್ನ ಬೆರಳಿನ ಮೇಲಿಟ್ಟರು.

ಅವರ ಬೆರಳುಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಬಿಸಿನೀರಿನಲ್ಲಿ ಬೆಂದೂ ಬೆಂದೂ ತುದಿಗಳು ಬೆಳ್ಳಗೆ ನುಣುಪಾಗಿದ್ದವು. ರೇಷನ್ ಅಂಗಡಿಯ ಯಂತ್ರ ತಮ್ಮ ಬೆರಳಿನ ಗುರುತು ಹಿಡಿಯುವುದಿಲ್ಲ ಎಂದು ಹಿಂದೊಮ್ಮೆ ನಗುತ್ತಾ ಹೇಳಿದ್ದರು. ನಾನೂ ಆಗ ನಕ್ಕಿದ್ದೆ. ಅದನ್ನು ನೆನೆದು ಈಗ ನಾಚಿಕೆಯಾಯಿತು.

ಒಂದೇ ಕಂಟ್ರೋಲರಿಗೆ ಇಬ್ಬರು. ನಡಿಗೆ ನನ್ನದು, ಹಿಡಿತ ಅವರದು. ನಾನು "ಈಗ" ಅಂದರೆ ಅವರು ಬಿಡುವುದು, ಅವರು "ನಿಲ್ಲಿ" ಅಂದರೆ ನಾನು ನಿಲ್ಲುವುದು. ಮೊದಲ ದಿನ ಇಬ್ಬರೂ ಒಟ್ಟಿಗೆ ಮಾತಾಡಿ ಹನ್ನೆರಡು ಸಲ ಬಿದ್ದೆವು. ಒಂದು ಸಲ ದೈತ್ಯೆಯ ನಗು ಕೇಳಿ ಆಪಾಗೂ ನಗು ಬಂದು, ಗುಂಡಿ ಬಿಟ್ಟುಬಿಟ್ಟರು. ಬಿದ್ದಾಗ ಕಣ್ಣು ಮುಚ್ಚಿಕೊಳ್ಳುವುದು ಯಾವಾಗ ನಿಂತಿತೋ ಗಮನಿಸಲೇ ಇಲ್ಲ.

ಮಾರನೇ ವಾರ ಭುಜದವರೆಗೆ ಹೋದೆವು. ಅಷ್ಟರಲ್ಲಿ ಆಪಾ ತಮ್ಮ ಬೆರಳಿನ ಭಾರವನ್ನು ದಿನದಿನಕ್ಕೂ ಹಗುರ ಮಾಡುತ್ತಾ ಬಂದಿದ್ದರಂತೆ. ನನಗೆ ಹೇಳಿರಲಿಲ್ಲ. ಕಿವಿಯ ಹತ್ತಿರ ತಲುಪಿ, ಮುಳ್ಳಿಗೆ ಕೈ ಹಾಕಿ, ದೈತ್ಯೆ ಉಸಿರು ಬಿಟ್ಟು ಮುಗಿಸುವವರೆಗೂ ಜೋತಾಡಿ, ಕೊನೆಗೆ ಕಿತ್ತು ತೆಗೆದಾಗ ಪಕ್ಕಕ್ಕೆ ನೋಡಿದರೆ ಆಪಾ ಎರಡೂ ಕೈಗಳನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಯಾವಾಗ ತೆಗೆದ್ರಿ ಕೈನ?"

"ಭುಜ ದಾಟಿದ ಮೇಲೆ. ನಿಮ್ಮದೇ ಹಿಡಿತ ಅದು."

ನನ್ನ ತೋರುಬೆರಳು ಇನ್ನೂ ಗುಂಡಿಯ ಮೇಲೆ ಮಡಚಿಕೊಂಡಿತ್ತು. ನೋಯುತ್ತಿತ್ತು, ಆದರೆ ಮಡಚಿತ್ತು. ಅವರ ಕೈ ಹಿಡಿದುಕೊಂಡೆ. ಆಪಾ, "ಸಾರು ಆರಿಹೋಗ್ತದೆ, ಊಟ ಮಾಡಿ," ಅಂದರು.

ರಾತ್ರಿ ಮಗಳಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ. "ಅವಳನ್ನ ನಾನೇ ಅರ್ಧಕ್ಕೆ ಬಿಟ್ಟಿದ್ದೆ ಅಮ್ಮ," ಅಂದಳು. ಚಿಕ್ಕಬಳ್ಳಾಪುರದಲ್ಲಿ ಫಿಸಿಯೋಥೆರಪಿಯವರು ನನ್ನ ಬೆರಳುಗಳನ್ನು ಮಡಚಿ ನೋಡಿ, ಚೆಂಡು ಚೆನ್ನಾಗಿ ಕೆಲಸ ಮಾಡಿದೆ ಅಂದಾಗ ನಿಜ ಹೇಳಿದೆ. ಅವರು ನಕ್ಕು, ಆಟದ ಹೆಸರು ಬರೆದುಕೊಂಡರು.

ಮತ್ತೆ ಐದು ವಾರಕ್ಕೆ ಶಾಲೆಗೆ ಹೋದೆ. ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದೆ, ಅಂಕಿಗಳು ಸೊಟ್ಟಗಿದ್ದವು. ಹತ್ತನೇ ತರಗತಿಯ ಮಕ್ಕಳು ಅದನ್ನು ಕಂಡೂ ಏನೂ ಅನ್ನದೆ ಬರೆದುಕೊಂಡರು. ಅವರಿಗೂ ನಾನು ಋಣಿ ಎಂದು ಅಂದು ಅನ್ನಿಸಿತು. ಕೈ ಇವತ್ತಿಗೂ ಪೂರ್ತಿ ಸರಿಯಾಗಿಲ್ಲ, ಚಳಿಗಾಲದಲ್ಲಿ ಬಿಗಿಯುತ್ತದೆ. ಆದರೆ ಮುರಿಯದೆ ಇದ್ದಿದ್ದರೆ, ಹದಿನೈದು ವರ್ಷ ಗೋಡೆಯ ಆಚೆಗಿದ್ದವರನ್ನು ಹೀಗೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆನೇ ಎಂದು ಯೋಚಿಸುತ್ತೇನೆ.

ಈಗ ಶನಿವಾರದ ಮಧ್ಯಾಹ್ನಗಳಲ್ಲಿ ಆಡುವವರು ಆಪಾ, ಪಕ್ಕದಲ್ಲಿ ಕೂತು ನೋಡುವವಳು ನಾನು. ಅವರಿಗೆ ಪ್ರಿಯನಾದವನು ಮುಖ ತೋರಿಸದೆ ಸದಾ ಬೆನ್ನು ತಿರುಗಿಸಿಯೇ ನಡೆಯುವ ಒಬ್ಬ ದೈತ್ಯ. ಅವನ ಮುಖ ನೋಡಿದರೆ ಪಂಥ ಮುಗಿದಂತೆ. ಮುಗಿದರೆ ಅವನು ಅಲ್ಲೇ ಕೂತು ಬೆಟ್ಟವಾಗಿಬಿಡುತ್ತಾನೆ. ಹೇಗೆ ಸುತ್ತಿ ಹೋಗಬೇಕೆಂದು ಆಪಾಗೆ ಯಾವಾಗಲೋ ಗೊತ್ತಾಗಿದೆ.

"ಗೆಲ್ಲಿ ಆಪಾ, ಇನ್ನೇನು," ಅಂದೆ ಕಳೆದ ವಾರ.

"ಇರ್ಲಿ ಬಿಡಿ ಟೀಚರಮ್ಮ, ಪಾಪ ನಡೀತಾ ಇದಾನೆ," ಎಂದು ಅವರು ಅವನ ಹಿಂದೆ ಕೆರೆಯ ಏರಿಯ ಮೇಲೆ ನಿಧಾನವಾಗಿ ಹೊರಟರು.