ಬಾಣದಣ್ಣ ದಾರಿ ತಪ್ಪಿದ ದಿನ

ಹೆತ್ತವರು ಇಟ್ಟ ಹೆಸರು ಆತನಿಗೆ ಒಂದಿತ್ತು. ಆದರೆ ಅದು ಕಾಗದಪತ್ರಗಳಲ್ಲಿ ಮಾತ್ರ ಬಾಳುತ್ತಿತ್ತು. ಊರಿಗೆಲ್ಲ ಅವನು ಬಾಣದಣ್ಣ. ಹಾಗೆಂದು ದೊಡ್ಡ ಬಿಲ್ಲುಗಾರನೆಂದು ತಿಳಿಯಬೇಡಿ, ಇಲಿ ಕಂಡರೆ ಕುರ್ಚಿ ಹತ್ತುವ ಆಸಾಮಿ. ಗುಡ್ಡಗಳ ಕಾಲುದಾರಿಯಲ್ಲಿ ನಡೆದು ಹಳೆಯ ಕಟ್ಟಡಗಳನ್ನು ನೋಡಲು ಬರುವವರಿಗಾಗಿ ಕಲ್ಲು, ಕಂಬ, ಬೇಲಿ ಗೂಟಗಳ ಮೇಲೆ ಹಳದಿ ಬಣ್ಣದ ಬಾಣ ಬರೆಯುವುದು ಅವನ ಕೆಲಸ. ದಾರಿ ಸಂಘದವರು ಅವನನ್ನು ಅದಕ್ಕೆಂದು ನೇಮಿಸಿ ಮೂವತ್ತೊಂದು ವರ್ಷವಾಗಿತ್ತು.

ದಾರಿ ಆರು ಮೈಲಿ. ಬಸ್ ನಿಲ್ದಾಣದ ಹಿಂದೆ ಶುರುವಾಗಿ, ಐದು ಗುಡ್ಡ ಹತ್ತಿಳಿದು, ಎರಡು ಕಮಾನಿನ ಕಲ್ಲು ಸೇತುವೆ, ರೆಕ್ಕೆ ಕಳೆದುಕೊಂಡ ಗಾಳಿಗಿರಣಿ, ಒಂದು ಕಾಲಕ್ಕೆ ಸೈನಿಕರು ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಲ್ಲುತೊಟ್ಟಿ, ಇವನ್ನೆಲ್ಲ ದಾಟಿ, ಮುನ್ನೂರು ವರ್ಷದ ಕಾವಲು ಗೋಪುರದ ಬುಡದಲ್ಲಿ ಮುಗಿಯುತ್ತದೆ. ಬಾಣದಣ್ಣನ ಮನೆ ಇದ್ದದ್ದು ಆ ಗೋಪುರದ ಕೆಳಗೆ, ಅಂದರೆ ದಾರಿಯ ತುದಿಯಲ್ಲಿ. ಎಡವಟ್ಟೆಲ್ಲ ಹುಟ್ಟಿದ್ದು ಇಲ್ಲೇ, ಸ್ವಲ್ಪ ಗಮನವಿಟ್ಟು ಕೇಳಿ.

ವಾರಕ್ಕೆ ಮೂರು ದಿನ ಬೆಳಿಗ್ಗೆ ಬಣ್ಣದ ಡಬ್ಬಿ, ಎರಡಿಂಚಿನ ಬ್ರಷ್, ಪಾಚಿ ಕೆರೆಯಲು ಒಂದು ತಂತಿ ಬ್ರಷ್ ಹಿಡಿದು ಅವನು ಮನೆಯಿಂದ ಹೊರಡುತ್ತಿದ್ದ. ಅಂದರೆ ಗೋಪುರದ ಕಡೆಯಿಂದ ಬಸ್ ನಿಲ್ದಾಣದ ಕಡೆಗೆ, ಜನ ಬರುವ ದಿಕ್ಕಿಗೆ ಎದುರಾಗಿ. ಒಂದು ಕಲ್ಲನ್ನು ದಾಟುವುದು, ಗಕ್ಕನೆ ತಿರುಗಿ ನಿಲ್ಲುವುದು, ಮೂಗು ತಾಗುವಷ್ಟು ಬಗ್ಗಿ, ಬರುವವರಿಗೆ ಕಾಣುವ ಮಗ್ಗುಲಿಗೆ ಬಾಣ ಬರೆಯುವುದು, ಮತ್ತೆ ತಿರುಗಿ ನಡೆಯುವುದು. ಸಂಜೆ ಬಸ್ಸಿನಲ್ಲಿ ಮನೆಗೆ.

"ಬೆಳಿಗ್ಗೆ ಬಸ್ಸಲ್ಲಿ ಹೋಗಿ, ಎಲ್ಲರ ಹಾಗೆ ನಡ್ಕೊಂಡು ಬರಬಹುದಲ್ರೀ?" ಎಂದು ಮದುವೆಯಾದ ಹೊಸತರಲ್ಲಿ ಹೆಂಡತಿ ಕೇಳಿದ್ದಳು.

"ದಣಿಯೋಕೆ ಮುಂಚೆ ಕಾಲು, ದಣಿದ ಮೇಲೆ ಬಸ್ಸು. ಅಷ್ಟೂ ಗೊತ್ತಾಗಲ್ವಾ?" ಎಂದಿದ್ದ.

ಹೀಗಾಗಿ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ದಿನವೂ ಬಾಣದಣ್ಣ ತನ್ನ ಬಾಣ ತೋರಿಸಿದ ಕಡೆಗೆ ನಡೆದಿರಲಿಲ್ಲ. ಇದು ಯಾರಿಗೂ ಹೊಳೆದಿರಲಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಹೆಂಡತಿಯಾದರೋ ಆ ದಾರಿಗೆ ಕಾಲೇ ಇಟ್ಟವಳಲ್ಲ. "ಕೊನೆಗೆ ಇಳಿಯೋದೇ ಆದ್ರೆ ಹತ್ತೋದ್ಯಾಕೆ?" ಎಂಬುದು ಅವಳ ವಾದ. ಅದಕ್ಕೆ ಇವತ್ತಿನವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಒಳಗೊಳಗೆ ಅವಳಿಗೆ ಬೇಸರವೂ ಇತ್ತು. "ನಿಮಗೆ ಮನೆಗಿಂತ ಆ ಕಲ್ಲುಗಳೇ ಹೆಚ್ಚು. ನನ್ನನ್ನ ಒಂದು ದಿನವಾದ್ರೂ ಹಾಗೆ ತಿರುಗಿ ತಿರುಗಿ ನೋಡಿದೀರಾ?" ಎಂದು ನಗುನಗುತ್ತಲೇ ಕೇಳುವಳು. ನಗು ಬಾಯಲ್ಲಿ ಇರುತ್ತಿತ್ತು, ಅಷ್ಟೇ. ಬಾಣದಣ್ಣ ಉಗುರಿನ ಹಳದಿ ಬಣ್ಣ ಕೆರೆಯುತ್ತ ಕೂರುವನು.

ಹೀಗಿರುವಾಗ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಚುರುಕಾದ ಹೆಂಗಸು, ಮೇಜಿನ ಮೇಲಿನ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸುವವರು. ಗೋಡೆಗೆ ತೂಗಿದ್ದ, ಚಹಾ ಕಲೆ ಬಿದ್ದ ದಾರಿಯ ನಕ್ಷೆಯನ್ನು ನೋಡಿ ಅವರು ಮುಖ ಸಿಂಡರಿಸಿದರು.

"ಈ ಬಾಣಗಳ ಕಾಲ ಮುಗೀತು. ಎಲ್ಲಾ ಕೆರೆಸಿ ಹಾಕಿ, ನಂಬರ್ ಇರೋ ತಗಡಿನ ಬೋರ್ಡ್ ನೆಡೋಣ," ಎಂದರು. ಸಂಘದ ಅಧ್ಯಕ್ಷರು, ನಿವೃತ್ತ ಲೆಕ್ಕದ ಮೇಷ್ಟ್ರು, ಕೋಲೆಬಸವನ ಹಾಗೆ ತಲೆಯಾಡಿಸಿದರು.

ಬಾಣದಣ್ಣನಿಗೆ ನಿಂತ ನೆಲ ಕುಸಿದಂತಾಯಿತು. ಇನ್ನೂರ ಹನ್ನೆರಡು ಬಾಣ! ಒಂದೊಂದರ ಬಾಲವೂ ಅವನಿಗೆ ಗೊತ್ತು. ಕಲ್ಲುತೊಟ್ಟಿಯ ಬಳಿಯದು ಸ್ವಲ್ಪ ಸೊಟ್ಟ, ಯಾಕೆಂದರೆ ಬರೆಯುವಾಗ ಸೀನು ಬಂದಿತ್ತು. ಅವನ ಕಣ್ಣಲ್ಲಿ ನೀರು ಕಂಡು ಕಾರ್ಯದರ್ಶಿ ಮೇಡಂ ಮೆತ್ತಗಾದರು.

"ಸರಿ, ಒಂದು ಪರೀಕ್ಷೆ ಮಾಡೋಣ. ಈ ದಾರಿ ಕಾಣದೇ ಇರೋ ಹೊಸಬರೊಬ್ಬರು, ಯಾರನ್ನೂ ಕೇಳದೆ, ಬರೀ ಬಾಣ ನೋಡ್ಕೊಂಡು ಗೋಪುರ ಮುಟ್ಟಿದ್ರೆ ಬಾಣಗಳೇ ಇರಲಿ. ಇಲ್ಲಾಂದ್ರೆ ಬೋರ್ಡು. ನಾನೇ ಹೊಸಬಳು, ಭಾನುವಾರ ನಾನೇ ನಡೀತೀನಿ."

ಅಲ್ಲಿಗೆ ಸುಮ್ಮನಿದ್ದರೆ ಅವನು ಬಾಣದಣ್ಣ ಹೇಗಾದಾನು? "ಛೆ ಛೆ, ನಿಮ್ಮನ್ನ ಒಬ್ಬರನ್ನೇ ಕಳಿಸೋದುಂಟಾ ಮೇಡಂ? ಈ ದಾರಿ ನನಗೆ ಅಂಗೈ ಇದ್ದ ಹಾಗೆ. ನಾನೇ ಮುಂದೆ ನಿಂತು ಕರ್ಕೊಂಡು ಹೋಗ್ತೀನಿ," ಎಂದುಬಿಟ್ಟ. ಅಧ್ಯಕ್ಷರು ಇದಕ್ಕೂ ತಲೆಯಾಡಿಸಿದರು.

ಭಾನುವಾರ ಹೆಂಡತಿ ಬೆಳಿಗ್ಗೆ ಬೇಗನೆ ಎದ್ದು, ಗಂಡನಿಗೆ, ಮೇಡಂಗೆ, ಜೊತೆಗೆ ಹೊರಟಿದ್ದ ಅಧ್ಯಕ್ಷರಿಗೆ, ಮೂವರಿಗೂ ಸಾಲುವಷ್ಟು ಊಟ ಮಾಡಿ ನಾಲ್ಕು ಬಟ್ಟಲಿನ ಕ್ಯಾರಿಯರ್‌ನಲ್ಲಿ ತುಂಬಿ ಜಗಲಿಯ ಬೆಂಚಿನ ಮೇಲಿಟ್ಟಳು. ಬಾಣದಣ್ಣ ಕನ್ನಡಿಯ ಮುಂದೆ ಮೀಸೆ ತಿದ್ದುತ್ತ ನಿಂತವನು, ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿದ. ಮೀಸೆ ಬಸ್ಸು ಹತ್ತಿತು, ಕ್ಯಾರಿಯರ್ ಬೆಂಚಿನ ಮೇಲೆಯೇ ಉಳಿಯಿತು.

ಬಸ್ ನಿಲ್ದಾಣದಿಂದ ಮೂವರೂ ಹೊರಟರು. ಬಾಣದಣ್ಣ ಎದೆಯುಬ್ಬಿಸಿ ಮುಂದೆ, ಮೇಡಂ ಪುಸ್ತಕ ಪೆನ್ಸಿಲ್ ಹಿಡಿದು ಹಿಂದೆ, ಅಧ್ಯಕ್ಷರು ಹೊಸ ಬೂಟಿನಲ್ಲಿ ಇನ್ನೂ ಹಿಂದೆ. ಸೇತುವೆ ಸುಸೂತ್ರವಾಗಿ ದಾಟಿದ್ದಾಯಿತು. ಎರಡನೆಯ ಗುಡ್ಡ ಹತ್ತಿದಾಗ ಎದುರಿಗೆ ದುಂಡನೆಯ ಕಿಟಕಿಯ ಒಂದು ಕಲ್ಲಿನ ಕಟ್ಟಡ ಕಂಡಿತು.

"ಇದ್ಯಾವುದು?" ಎಂದು ಮೇಡಂ ಕೇಳಿದರು.

ಬಾಣದಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಅವನಿಗೆ ಗೊತ್ತಿದ್ದದ್ದು ಗಿರಣಿಯ ಬೆನ್ನು, ಬಿರುಕು ಬಿಟ್ಟ ಗೋಡೆ ಮತ್ತು ಮುರಿದ ಹಿಂಬಾಗಿಲು. ಈ ಮುಖವನ್ನು ಅವನು ನೋಡಿಯೇ ಇರಲಿಲ್ಲ.

"ಯಾರೋ ಹೊಸದಾಗಿ ಕಟ್ಟಿಸಿರಬೇಕು ಮೇಡಂ. ಹೋದ ವಾರ ಇರಲಿಲ್ಲ."

ಮೇಡಂ ಕೈಯಲ್ಲಿದ್ದ ನಕ್ಷೆ ನೋಡಿದರು. "ಗಾಳಿಗಿರಣಿ, ಇನ್ನೂರೈವತ್ತು ವರ್ಷ ಹಳೇದು ಅಂತ ಇದೆ?"

"ಹಾಂ, ಅದೇ. ಇನ್ನೂರೈವತ್ತು ವರ್ಷದ ಹಿಂದೆ ಹೊಸದಾಗಿ ಕಟ್ಟಿಸಿದ್ದು," ಎಂದ ಬಾಣದಣ್ಣ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಗಿರಣಿಯ ಆಚೆಗೆ ತಗ್ಗಿನಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಗೋಪುರದ ಕಡೆಯಿಂದ ಬರುವವನಿಗೆ ಅಲ್ಲೊಂದು ದಾರಿ ಪಕ್ಕದಿಂದ ಬಂದು ಕೂಡುತ್ತದೆ, ಅಷ್ಟೇ. ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೋಪುರಕ್ಕೆ ಹೋಗುವವನಿಗೆ ಮಾತ್ರ ಅದು ಕವಲು. ಅಲ್ಲಿ ಕುತ್ತಿಗೆಯೆತ್ತರದ ಕಲ್ಲಿನ ಮೇಲೆ, ಬಲಕ್ಕೆ ತೋರಿಸುವ ಅಂಗೈ ಅಗಲದ ಬಾಣವಿತ್ತು, ಬಾಣದಣ್ಣ ತನ್ನ ಕೈಯಾರೆ ಬರೆದದ್ದು. ಬಾಣದಣ್ಣ ಅದರ ಕಡೆ ಕತ್ತೂ ಹೊರಳಿಸದೆ ಎಡಕ್ಕೆ ತಿರುಗಿದ.

"ಬಾಣ ಆ ಕಡೆ ಇದೆಯಲ್ಲ?" ಎಂದರು ಮೇಡಂ.

"ಅದು ದಾರಿ ಗೊತ್ತಿಲ್ಲದವರಿಗೆ ಮೇಡಂ. ನಾನಿರುವಾಗ ನಿಮಗೆ ಬಾಣ ಯಾಕೆ?"

ಅಧ್ಯಕ್ಷರು ಎರಡೂ ಕಡೆಗೆ ತಲೆಯಾಡಿಸಿದರು.

ಆಮೇಲಿನ ಮೂರು ಗಂಟೆಯ ಕಥೆ ಕೇಳಬೇಡಿ. ಮೊದಲು ಒಂದು ಕುರಿದೊಡ್ಡಿ ಬಂತು. ಬಾಣದಣ್ಣ ಅದನ್ನು 'ಒಳದಾರಿ' ಎಂದ. ಒಳಗಿದ್ದ ಟಗರಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮೂವರೂ ಕಾಲಿಗೆ ಬುದ್ಧಿ ಹೇಳಿ ಈರುಳ್ಳಿ ಹೊಲಕ್ಕೆ ನುಗ್ಗಿದರು. ಅಲ್ಲಿಂದ ಮುಳ್ಳುಬೇಲಿ, ಅಲ್ಲಿ ಮೇಡಂ ಪುಸ್ತಕದ ಎರಡು ಹಾಳೆ ಹರಿದವು. ಅಲ್ಲಿಂದ ಕೆಸರು. ಅಧ್ಯಕ್ಷರ ಎಡಗಾಲಿನ ಬೂಟು ಇವತ್ತಿಗೂ ಅಲ್ಲೇ ಇದೆ. ಹೊಟ್ಟೆ ತಾಳ ಹಾಕತೊಡಗಿದಾಗ ಬಾಣದಣ್ಣನಿಗೆ ಕ್ಯಾರಿಯರ್ ನೆನಪಾಯಿತು, ಆದರೆ ಹೇಳಲು ಧೈರ್ಯ ಬರಲಿಲ್ಲ.

ಕೊನೆಗೆ ಬೇಲಿಯಾಚೆ ಬಸ್ಸಿನ ಹಾರ್ನ್ ಕೇಳಿಸಿತು. "ಬಂದೇ ಬಿಡ್ತು ನೋಡಿ ಗೋಪುರದ ರಸ್ತೆ!" ಎಂದು ಕೂಗಿದ ಬಾಣದಣ್ಣ. ಮೂವರೂ ಬೇಲಿ ನುಸುಳಿ ಆಚೆ ಬಂದರು. ಎದುರಿಗೆ ಬೆಳಿಗ್ಗೆ ಹೊರಟ ಅದೇ ಬಸ್ ನಿಲ್ದಾಣ, ಅದೇ ಮುರಿದ ಬೆಂಚು. ಬೆಂಚಿನ ಮೇಲೆ ಬೆಳಿಗ್ಗೆ ಮಲಗಿದ್ದ ಅದೇ ನಾಯಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

ದೀಪದ ಬುಡದಲ್ಲೇ ಕತ್ತಲೆ ಎಂಬುದು ಆಗ ಬಾಣದಣ್ಣನಿಗೆ ತಿಳಿಯಿತು. ಮೇಡಂ ಬೆಳಿಗ್ಗೆ ಕಾರು ನಿಲ್ಲಿಸಿದ್ದು ಗೋಪುರದ ಹತ್ತಿರ, ಹಾಗಾಗಿ ಮೂವರೂ ಬಸ್ಸು ಹತ್ತಿದರು. ಟಿಕೆಟ್ ಹರಿಯುತ್ತ ಕಂಡಕ್ಟರ್ ಕೇಳಿದ, "ಏನಣ್ಣಾ, ಇವತ್ತು ಬಣ್ಣದ ಬದಲು ಕೆಸರು ಹಚ್ಕೊಂಡಿದೀರಿ?" ಬಾಣದಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ.

"ನಾಳೆ ಬೋರ್ಡಿನವರಿಗೆ ಹೇಳಿಬಿಡ್ತೀನಿ," ಎಂದರು ಮೇಡಂ ಮೆಲ್ಲಗೆ. ಅವರಿಗೂ ಕೆಟ್ಟದೆನಿಸಿತ್ತು. ಬಾಣದಣ್ಣ ಹೂಂ ಎಂದ. ತಾನೊಬ್ಬ ಬಾಯಿ ಮುಚ್ಚಿಕೊಂಡು ಹಿಂದೆ ನಡೆದಿದ್ದರೆ ಇನ್ನೂರ ಹನ್ನೆರಡೂ ಉಳಿಯುತ್ತಿದ್ದವು ಎಂದು ತನ್ನನ್ನೇ ಬೈದುಕೊಂಡ.

ಗೋಪುರದ ಬಳಿ ಇಳಿದರೆ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಕಾಲು ಚಾಚಿ, ಕ್ಯಾರಿಯರ್ ಪಕ್ಕಕ್ಕಿಟ್ಟುಕೊಂಡು ಅವನ ಹೆಂಡತಿ ಕೂತಿದ್ದಳು.

"ಎಲ್ಲಿ ಹೋಗಿದ್ರೀ? ಎರಡು ಗಂಟೆಯಿಂದ ಕಾಯ್ತಿದೀನಿ. ಹಸಿವು ತಡೀಲಾರದೆ ಅಧ್ಯಕ್ಷರ ಪಾಲು ತಿಂದುಬಿಟ್ಟೆ."

ಅಧ್ಯಕ್ಷರು ಜೀವನದಲ್ಲಿ ಮೊದಲ ಸಲ ತಲೆಯಾಡಿಸಲಿಲ್ಲ.

"ನೀನು ಹೇಗೆ ಬಂದೆ?" ಎಂದ ಬಾಣದಣ್ಣ.

"ಊಟ ಬಿಟ್ಟು ಹೋದ್ರಲ್ಲ, ಮುಂದಿನ ಬಸ್ಸಿಗೆ ಹಿಂದೆಯೇ ಬಂದೆ. ನಿಲ್ದಾಣದಲ್ಲಿ ನೋಡಿದ್ರೆ ನೀವಿಲ್ಲ. ಗೋಡೆ ಮೇಲೊಂದು ಹಳದಿ ಬಾಣ ಇತ್ತು. ಇದು ನಮ್ಮೋರದೇ ಕೈಕೆಲಸ ಅಂತ ಗೊತ್ತಾಯ್ತು. ಅದು ತೋರಿಸಿದ ಕಡೆ ಹೊರಟೆ. ಒಂದು ಮುಗಿಯೋದ್ರೊಳಗೆ ಇನ್ನೊಂದು ಕಾಣ್ತಿತ್ತು. ತೊಟ್ಟಿ ಹತ್ರ ಒಂದು ಸೊಟ್ಟಗಿದೆ ನೋಡಿ, ಸರಿ ಮಾಡಿ."

ಮೇಡಂ ಮುಂದೆ ಬಂದರು. "ಅಮ್ಮಾ, ನೀವು ಮುಂಚೆ ಯಾವತ್ತಾದ್ರೂ ಈ ದಾರಿಲಿ ನಡೆದಿದ್ರಾ?"

"ನಾನಾ? ಗುಡ್ಡ ಹತ್ತಿ ಇಳಿಯೋಕೆ ನನಗೇನು ಹುಚ್ಚಾ?"

"ದಾರೀಲಿ ಯಾರನ್ನಾದ್ರೂ ಕೇಳಿದ್ರಾ?"

"ಕೇಳೋಕೆ ಅಲ್ಲಿ ಕುರಿ ಬಿಟ್ರೆ ಯಾರಿದ್ದಾರೆ?"

ಮೇಡಂ ಹರಿದ ಪುಸ್ತಕದಲ್ಲಿ ಉಳಿದ ಹಾಳೆಯೊಂದನ್ನು ತೆರೆದರು. ಜೋರಾಗಿ ಓದುತ್ತಲೇ ಬರೆದರು: "ಹೊಸಬರು ಗೋಪುರ ಮುಟ್ಟಿದ್ದಾರೆ. ಬಾಣಗಳು ಇರತಕ್ಕದ್ದು. ಬಾಣ ಬರೆಯುವವರು ಮಾತ್ರ ಯಾರಿಗೂ ದಾರಿ ತೋರಿಸತಕ್ಕದ್ದಲ್ಲ." ಬಾಣದಣ್ಣ ಎರಡೂ ಕೈಯೆತ್ತಿ ಮುಗಿದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ನಾಲ್ವರೂ ಮಿಕ್ಕಿದ್ದನ್ನು ಹಂಚಿಕೊಂಡು ತಿಂದರು.

ಅವರಿಬ್ಬರೂ ಹೋದ ಮೇಲೆ ಹೆಂಡತಿ ಕ್ಯಾರಿಯರ್‌ನ ಬಟ್ಟಲುಗಳನ್ನು ಜೋಡಿಸಿದಳು.

"ರೀ, ಇವತ್ತು ದಾರಿಯುದ್ದಕ್ಕೂ ಒಂದು ಯೋಚನೆ. ಅಷ್ಟೊಂದು ಬಾಣ ಬರೆದಿದೀರಲ್ಲ, ಒಂದಾದ್ರೂ ಬೇರೆ ಕಡೆ ತೋರಿಸಲ್ಲ. ಎಲ್ಲಾ ನಮ್ಮನೆ ಕಡೆಗೇ." ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ಮನೆಗಿಂತ ಕಲ್ಲೇ ಹೆಚ್ಚು ಅಂತ ಸುಮ್ಸುಮ್ನೆ ಅಂದೆ ಇಷ್ಟು ವರ್ಷ."

ನಿಜ ಹೇಳಬೇಕೆಂದರೆ ಬಾಣದಣ್ಣನಿಗೆ ಅದು ಕನಸಿನಲ್ಲೂ ಹೊಳೆದಿರಲಿಲ್ಲ. ಆದರೆ ಅಷ್ಟು ದೊಡ್ಡ ಪೆಟ್ಟು ತಿಂದ ದಿನ ಒಂದು ಬುದ್ಧಿಯಾದರೂ ಬಂದಿತ್ತು. ಅವನು ಬಾಯಿ ಬಿಡದೆ ಹೆಂಡತಿಯ ಮುಖವನ್ನೇ ನೋಡಿದ. ನಾಲ್ಕು ಹೆಜ್ಜೆ ನಡೆದ ಮೇಲೆ ಮತ್ತೊಮ್ಮೆ ತಿರುಗಿ ನೋಡಿದ. ಅವಳು ನಾಚಿ, "ಸಾಕು, ನೆಟ್ಟಗೆ ಮುಂದೆ ನೋಡಿ, ಇಲ್ಲೂ ದಾರಿ ತಪ್ಪೀರಿ," ಎಂದಳು.

ಮರುದಿನ ಅವನು ಎಲ್ಲೂ ಹೋಗಲಿಲ್ಲ. ಗೋಪುರದ ಬುಡದ ಕೊನೆಯ ಕಲ್ಲಿಗೆ ಇನ್ನೊಂದು ಬಾಣ ಬರೆದ. ಸಂಘಕ್ಕೆ ಹೇಳದೆ, ಕೆಳಗಿನ ತನ್ನ ಮನೆಯ ಕಡೆಗೆ, ಇನ್ನೂರ ಹದಿಮೂರನೆಯದು. ಬಾಲ ಒಂಚೂರೂ ಸೊಟ್ಟಗಿರಲಿಲ್ಲ.

ಅಂದಿನಿಂದ ಬೆನ್ನಿಗೆ ಚೀಲ ಕಟ್ಟಿದ ಜನ ಗೋಪುರ ನೋಡಿ, ಬಾಣ ಹಿಡಿದು ನೇರ ಅವರ ಅಂಗಳಕ್ಕೇ ಬರುತ್ತಾರೆ. ನೀರು ಕುಡಿದು, ಗೋಡೆ ಮುಟ್ಟಿ, ಸುತ್ತ ಹುಡುಕಿ, "ಇಲ್ಲಿ ನೋಡೋಕೆ ಏನಿದೆ ಅಮ್ಮಾ, ಹಳೇ ಕಾಲದ್ದು?" ಎಂದು ಕೇಳುತ್ತಾರೆ.

ಹೆಂಡತಿ ಜಗಲಿಯ ಬೆಂಚಿನ ಕಡೆ ಕೈ ತೋರಿಸುತ್ತಾಳೆ. "ಅಗೋ, ಮೀಸೆ ತಿದ್ಕೊಂಡು ಕೂತಿದೆ. ನೋಡಿ, ಆದ್ರೆ ದಾರಿ ಮಾತ್ರ ಕೇಳಬೇಡಿ."