ಕುಂಕುಮದ ಭರಣಿಯಲ್ಲಿ ಜೇಡದ ಪೊರೆ

ಮೊದಲೇ ಹೇಳಿಬಿಡುತ್ತೇನೆ, ಆ ಜೇಡಗಳನ್ನು ನಾನು ಕೊಲ್ಲಲಿಲ್ಲ, ಕೊಲ್ಲಲು ಯಾರ ಕೈಗೂ ಕೊಡಲಿಲ್ಲ. ಅದಕ್ಕಾಗಿ ಮಗಳ ಪರೀಕ್ಷೆಯೇ ತಪ್ಪಿಹೋಗುವ ಹೊತ್ತು ಬಂದಿತ್ತು. ಆದರೂ ಕೊಡಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮರಾಠಿ ಸೀಮೆಯ ಬಿಬವೇವಾಡಿಯ ಎರಡು ಕೋಣೆಯ ಮನೆಯಲ್ಲಿ ಅತ್ತೆ, ನಾವಿಬ್ಬರು, ಒಬ್ಬಳೇ ಮಗಳು. ಅವಳದು ಬಿ.ಎಸ್ಸಿ. ಕೊನೆಯ ವರ್ಷ, ಪ್ರಾಣಿಶಾಸ್ತ್ರ. ಮನೆಯೊಳಗಿನ ಜಿಗಿಯುವ ಜೇಡಗಳನ್ನು ಅಂಗಾಂಗ ನೋಡಿ ವಿಂಗಡಿಸಿ, ಚಿತ್ರ ಬರೆದು ಜರ್ನಲ್‌ನಲ್ಲಿ ತೋರಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಜರ್ನಲ್ ಮೇಲೆ ಕಾಲೇಜಿನ ಸರ್ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗೇ ಬಿಡುವುದಿಲ್ಲ.

ಇವು ಬಲೆ ಕಟ್ಟಿ ಕೂರುವ ಜೇಡಗಳಲ್ಲ. ಬೆಕ್ಕಿನ ಹಾಗೆ ಹೊಂಚು ಹಾಕಿ, ಹಾರಿ ಹಿಡಿಯುತ್ತವೆ. ಮಗಳು ಭೂತಗನ್ನಡಿ ಕೊಟ್ಟು ತೋರಿಸಿದಳು. ಎಂಟು ಕಣ್ಣು. ಮುಖದ ಮೇಲೆ ಸಾಲಾಗಿ ನಾಲ್ಕು, ಅದರಲ್ಲಿ ನಡುವಿನ ಎರಡು ಭಾರಿ ದೊಡ್ಡವು. ಉಳಿದ ನಾಲ್ಕು ತಲೆಯ ಮೇಲೆ, ಹಿಂದಕ್ಕೆ. ಕಣ್ಣಿನ ಈ ಸಾಲು ನೋಡಿದರೆ ಮನೆತನ ಗೊತ್ತಾಗುತ್ತದಂತೆ. ಬಾಯಿಯ ಪಕ್ಕ ಎರಡು ಪುಟ್ಟ ಕೈಗಳಿರುತ್ತವೆ. ಅವುಗಳ ತುದಿ ಉಬ್ಬಿದ್ದರೆ ಗಂಡು. ದೇವರು ನನಗೆ ಕೊಟ್ಟದ್ದು ಎರಡೇ ಕಣ್ಣಾದರೂ ಆಗಿನ್ನೂ ಕನ್ನಡಕ ಬಂದಿರಲಿಲ್ಲ. ಅದೂ ಒಂದು ದಯೆಯೇ.

ನಮ್ಮ ದೇವರ ಗೂಡಿನ ಸುತ್ತ ಎರಡು ಬಗೆ ಓಡಾಡುತ್ತಿದ್ದವು. ಒಂದು ಕಪ್ಪು, ಬೆನ್ನ ಮೇಲೆ ಬಿಳಿ ಪಟ್ಟೆ. ಇನ್ನೊಂದು ಕಂದು, ಮಣ್ಣು ಮೆತ್ತಿದ ಹಾಗೆ. ಬೆಳಗ್ಗೆ ದೀಪ ಹಚ್ಚುವಾಗ ಕರಿಯದು ಕಂದಿನದರ ಮುಂದೆ ಮುಂಗಾಲು ಎತ್ತಿ ಕುಣಿಯುವುದನ್ನು ಎಷ್ಟು ಸಲ ಕಂಡಿದ್ದೆನೋ. ಇವು ಗಂಡ ಹೆಂಡತಿ ಎಂದೆ. ಮಗಳೂ ಕೈಗಳ ತುದಿ ನೋಡಿ, ಒಂದೇ ಜಾತಿಯ ಗಂಡು ಹೆಣ್ಣು ಎಂದು ಒಂದೇ ಪುಟದಲ್ಲಿ ಬರೆದಳು. ಸರ್ ಕೆಂಪು ಗೆರೆ ಎಳೆದು ಕಳಿಸಿದರು. ಹಿಂದಿನ ವರ್ಷದವರ ಜರ್ನಲ್‌ನಲ್ಲಿ ಇವು ಎರಡು ಬೇರೆ ಜಾತಿ ಎಂದಿದೆಯಂತೆ, ಹಾಗೇ ಬರೆದು ತರಬೇಕಂತೆ.

"ಅವ್ವಾ, ಹಿಂದಿನವ್ರು ಬರದ್ಹಂಗ ಬರದ್ರ ಮುಗೀತು. ಸಹಿ ಸಿಕ್ಕರ ಸಾಕು ನನಗ," ಎಂದಳು ಮಗಳು.

"ಕಣ್ಣಾರೆ ಕಂಡದ್ದು ಬಿಟ್ಟು ಮಂದೀದು ಕಾಪಿ ಹೊಡೀತಿ? ಬರೀಬ್ಯಾಡ," ಎಂದೆ.

ಹೇಳುವುದು ಸುಲಭ. ವರ್ಷ ಹೋದರೆ ಅವಳದು ಹೋಗುತ್ತಿತ್ತು, ನನ್ನದಲ್ಲ. ಅದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಎಲೆ ಹೊಲಿದ ಪತ್ರಾವಳಿಯ ಮೇಲೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ಘಟ ಇಟ್ಟೆವು. ಒಂಬತ್ತು ದಿನ ಅದನ್ನು ಅಲ್ಲಾಡಿಸುವ ಹಾಗಿಲ್ಲ. ಐದನೇ ದಿನ ಕಂದು ಜೇಡ ಪತ್ರಾವಳಿಯ ಮಡಿಕೆಯೊಳಗೆ ಸೇರಿ ಬಿಳಿ ನೂಲಿನ ಪೊಟ್ಟಣ ಕಟ್ಟಿತು, ಒಳಗೆ ಮೊಟ್ಟೆ. ಅತ್ತೆ ಕಂಡು, ದೇವಿಯ ಬುಡದಲ್ಲಿ ಜೇಡವೇ, ತೆಗೆದು ಬಿಸಾಡು ಎಂದರು.

"ಒಂಬತ್ತು ದಿನ ಘಟ ಮುಟ್ಟಬಾರದು ಅಂತ ನೀವs ಹೇಳೀರಲ್ರಿ," ಎಂದೆ.

"ನನ್ನ ಮಾತು ನನಗs ಕಟ್ಟಿದಿ ನೋಡು," ಎಂದು ಮುಖ ತಿರುಗಿಸಿದರು.

ದಸರೆಯ ದಿನ ಘಟ ಕದಲಿಸಿ, ಸಸಿಗಳನ್ನು ಮುಡಿದು, ಉಳಿದದ್ದನ್ನೆಲ್ಲ ನೀರಿಗೆ ಬಿಡುವುದು ಪದ್ಧತಿ. ನಾನು ಆ ಮಡಿಕೆಯಷ್ಟನ್ನು ಕತ್ತರಿಯಿಂದ ಕತ್ತರಿಸಿ, ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಿದೆ. ದೇವಿಯ ಪಾಲು ಬಾಟಲಿಗೆ ಹಾಕಿದವಳು ಎಂದು ಅತ್ತೆ ನೆಂಟರಿಗೆಲ್ಲ ಹೇಳಿದರು. ಬನ್ನಿ ಕೊಡಲು ಬಂದವರು ಬಾಟಲಿ ನೋಡಿಯೇ ಹೋದರು. ನಾನು ತಪ್ಪೆಂದು ಒಪ್ಪಲಿಲ್ಲ. ಬಿತ್ತಿದ ಕಾಳಿಗೆ ಮೊಳಕೆ ಕೊಟ್ಟ ತಾಯಿ ಮೊಟ್ಟೆಗೆ ಮಾತ್ರ ಮುನಿಯುತ್ತಾಳೆಯೇ?

ಮರಿಗಳು ಸಾಸಿವೆಗಿಂತ ಸಣ್ಣವು ಬಂದವು. ಕೂಡಿಟ್ಟರೆ ಒಂದನ್ನೊಂದು ತಿನ್ನುತ್ತವೆಂದು ಆರನ್ನು ಆರು ಬಾಟಲಿಗೆ ಹಾಕಿ, ಉಳಿದವನ್ನು ತುಳಸಿಗೆ ಬಿಟ್ಟೆ. ಮೊದಲು ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಸಣ್ಣ ನೊಣ, ಬೆಳೆದ ಮೇಲೆ ಸೊಳ್ಳೆ. ಬಿಬವೇವಾಡಿಯಲ್ಲಿ ಸೊಳ್ಳೆಗೆ ಬರ ಬಾರದಂತೆ ನೋಡಿಕೊಂಡವನು ಆ ದೇವರೇ. ಬೆಳೆದಂತೆ ಅವು ಹಾವಿನ ಹಾಗೆ ಪೊರೆ ಬಿಡುತ್ತಿದ್ದವು. ಬಿಟ್ಟ ಪೊರೆಯನ್ನು ಎಸೆಯಲು ಮನಸ್ಸು ಬಾರದೆ, ಯಾವ ಬಾಟಲಿಯದು, ಎಷ್ಟನೆಯದು ಎಂದು ಚೀಟಿ ಬರೆದು, ತವರಿನ ಹಳೆಯ ಕುಂಕುಮದ ಭರಣಿಯಲ್ಲಿ ಅರಳೆಯ ಮೇಲೆ ಇಡುತ್ತ ಹೋದೆ.

ನಾಲ್ಕು ಸತ್ತವು. ಎರಡು ಉಳಿದವು. ಶಿವರಾತ್ರಿಯ ಹೊತ್ತಿಗೆ ಒಂದರ ಪುಟ್ಟ ಕೈಗಳು ಊದಿಕೊಂಡವು. ಮುಂದಿನ ಪೊರೆ ಬಿಟ್ಟಾಗ ಬೆನ್ನು ಕಪ್ಪು, ನಡುವೆ ಬಿಳಿ ಪಟ್ಟೆ. ಇನ್ನೊಂದು ಕಂದಾಗಿಯೇ ದೊಡ್ಡದಾಯಿತು. ಒಂದೇ ಹೊಟ್ಟೆಯ ಅಣ್ಣ ತಂಗಿ.

ಸಹಿಯ ಕೊನೆಯ ದಿನ ನಾನೇ ಮಗಳ ಜೊತೆ ಹೊರಟೆ. ಸ್ವಾರಗೇಟದಲ್ಲಿ ಬಸ್ ಬದಲಿಸುವಾಗಲೂ ಬಾಟಲಿಗಳೂ ಭರಣಿಯೂ ಇದ್ದ ಚೀಲ ಕೈಬಿಡಲಿಲ್ಲ. ಸರ್ ಮರಾಠಿಯವರು, ಮಾತಿನಲ್ಲಿ ಮರ್ಯಾದಸ್ಥರು. ನಾನು ನನ್ನ ಅಡುಗೆಮನೆ ಮರಾಠಿಯಲ್ಲಿ ಎಲ್ಲ ಹೇಳಿದೆ. ಕೇಳಿದರು. ಜೀವಂತ ಓಡಾಡುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಲಾಗದು, ಎರಡನ್ನೂ ಸ್ಪಿರಿಟ್‌ನಲ್ಲಿ ಹಾಕಿ ಕೊಡಿ, ನೋಡಿ ಸಹಿ ಮಾಡುತ್ತೇನೆ ಎಂದು ಶೀಶೆ ಮುಂದಿಟ್ಟರು.

ದೇವಿಯ ಮುಂದೆ ಹುಟ್ಟಿದವು, ಕೊಲ್ಲುವುದಿಲ್ಲ ಎಂದೆ. ಹಾಗಾದರೆ ಸಹಿಯೂ ಇಲ್ಲ ಎಂದು ಅವರು ಜರ್ನಲ್ ಮುಚ್ಚಿದರು.

ಮಗಳು ಮೆಲ್ಲಗೆ, "ಎರಡು ಹುಳಕ್ಕ ನನ್ನ ವರ್ಷ ಹಾಳ್ ಮಾಡ್ತೀಯೇನವ್ವಾ?" ಎಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಚೀಲದೊಳಗೆ ಕೈ ಹಾಕಿದೆ, ಭರಣಿ ತಾಗಿತು.

ಬಿಚ್ಚಿ ಇಟ್ಟೆ. ಚೀಟಿಯ ಸಮೇತ ಪೊರೆಗಳು. ಸರ್ ಒಂದನ್ನು ಚಿಮಟದಿಂದ ಎತ್ತಿ ಗಾಜಿನ ಮೇಲಿಟ್ಟು ಬಗ್ಗಿದರು. ಎಂಟು ಕಣ್ಣಿನ ಗುರುತೂ ಪೊರೆಯಲ್ಲಿ ಹಾಗೇ ಇತ್ತು. ಕರಿಯದರ ಕೊನೆಯ ಪೊರೆಯಲ್ಲಿ ಉಬ್ಬಿದ ಕೈ, ಕಂದಿನದರಲ್ಲಿ ಸಪೂರ ಕೈ. ಉಳಿದದ್ದೆಲ್ಲ ಒಂದೇ ಅಚ್ಚು. ಮತ್ತೆ ಬಾಟಲಿಗೆ ಭೂತಗನ್ನಡಿ ಹಿಡಿದರು. ಒಂದೇ ಪೊಟ್ಟಣದವೆಂದು ನಂಬಲೇ ಎಂದು ಕೇಳಿದರು. ದಿನಾ ದೀಪ ಹಚ್ಚುವ ಕೈ ಚೀಟಿಯಲ್ಲಿ ಸುಳ್ಳು ಬರೆಯುವುದಿಲ್ಲ ಎಂದೆ. ತಮ್ಮದೇ ಕೆಂಪು ಗೆರೆಯ ಪಕ್ಕದಲ್ಲಿ ಸಹಿ ಹಾಕಿದರು. ಪೊರೆಗಳನ್ನು ಕಾಲೇಜಿಗೆ ಬಿಟ್ಟುಹೋಗಿ ಎಂದರು, ಬಿಟ್ಟೆ. ಭರಣಿ ತವರಿನದು, ಅದನ್ನು ವಾಪಸು ಇಸಿದುಕೊಂಡೆ.

ಸಂಜೆ ದೇವರ ಗೂಡಿನ ಹತ್ತಿರ ಬಾಟಲಿ ಬಿಚ್ಚುವಾಗ ಅತ್ತೆ, "ಪಾಸಾದ್ವೇನು ನಿನ್ನ ಮಕ್ಕಳು?" ಎಂದು ಕೇಳಿ, ಕೂತ ಮಣೆಯನ್ನು ತಾವೇ ಸರಿಸಿ ದಾರಿ ಬಿಟ್ಟರು.

ಆಮೇಲೆ ಆ ಮೂಲೆಗೆ ಕಸಬರಿಗೆ ತಾಗಿಸಲು ಯಾರನ್ನೂ ಬಿಟ್ಟಿಲ್ಲ. ಜೇಡ ಬಲೆ ಕಟ್ಟಿದ ಮನೆಗೆ ದರಿದ್ರ ಎನ್ನುವವರು ಈಗಲೂ ಬರುತ್ತಾರೆ. ಬಲೆ ಎಲ್ಲಿದೆ ತೋರಿಸಿ ಎನ್ನುತ್ತೇನೆ.